ಹಲ್ಲು ಕೀಳುವ ಮುಂಚಿನ ಒಂದು ಪ್ರಶ್ನೆ

ಹಲ್ಲಿನ ಡಾಕ್ಟರ ಮುಂದೆ ಜನ ಬಾಯಿ ತೆರೆಯುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಇಪ್ಪತ್ತು ವರ್ಷಗಳಿಂದ ದಿನವೂ ಇದನ್ನೇ ನೋಡುತ್ತಿದ್ದೇನೆ. ಇನ್ನೂ ಅಭ್ಯಾಸವಾಗಿಲ್ಲ.

ನಾನು ದಾವಣಗೆರೆಯವಳು. ಮದುವೆಯಾದದ್ದು ವಿಜಯವಾಡದ ತೆಲುಗು ಮನೆಗೆ. ಗವರ್ನರ್‌ಪೇಟೆಯಲ್ಲಿ ಒಂದು ಸೀರೆ ಹೋಲ್‌ಸೇಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಹಾಕಿದೆ. ಮೆಟ್ಟಿಲು ಹತ್ತಿ ಬರುವವರಲ್ಲಿ ಅರ್ಧ ಜನ ಸೀರೆ ಕೇಳಿಕೊಂಡೇ ಬರುತ್ತಿದ್ದರು. ಆಮೇಲೆ ನನ್ನ ಗಂಡನಿಗೆ ವಿಶಾಖಪಟ್ಟಣ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಅಲ್ಲಿಗೆ ಹೋದೆವು. ಊರು ಬದಲಾಯಿತು, ನನ್ನ ಒಂದು ಪ್ರಶ್ನೆ ಮಾತ್ರ ಬದಲಾಗಲಿಲ್ಲ. ವಯಸ್ಸಾದವರು ಯಾರೇ ಹಲ್ಲು ಕೀಳಿಸಲು ಬರಲಿ, ಇಕ್ಕಳ ಮುಟ್ಟುವ ಮೊದಲು ಕೇಳುತ್ತೇನೆ: ‘ಮೂಳೆ ಗಟ್ಟಿಯಾಗಲು ಔಷಧ ಏನಾದರೂ ತಗೊಳ್ತಿದ್ದೀರಾ?’

ಇದಕ್ಕೆ ಕಾರಣವಿದೆ. ನಮ್ಮ ಮೂಳೆ ಸುಮ್ಮನೆ ಇರುವ ವಸ್ತುವಲ್ಲ. ಹಳೆಯದು ಕರಗುತ್ತಾ, ಹೊಸದು ಕೂಡುತ್ತಾ ಇರುತ್ತದೆ. ಮೂಳೆ ಸವೆದವರಿಗೆ ಕೊಡುವ ಕೆಲವು ಔಷಧಗಳು ಈ ಕರಗುವ ಕೆಲಸವನ್ನು ತಡೆಯುತ್ತವೆ. ಸೊಂಟ, ಬೆನ್ನು ಮುರಿಯದಂತೆ ಕಾಪಾಡುತ್ತವೆ, ಬಹಳ ಒಳ್ಳೆಯ ಔಷಧಗಳೇ. ಆದರೆ ಹಲ್ಲು ಕಿತ್ತ ಜಾಗದ ಗಾಯ ಮಾಯಬೇಕಾದರೆ ದವಡೆಯಲ್ಲಿ ಈ ಎರಡೂ ಕೆಲಸ ನಡೆಯಲೇಬೇಕು. ಒಂದು ನಿಂತರೆ, ಯಾರೋ ಕೆಲವರಿಗೆ ವಸಡು ಕೂಡಿಕೊಳ್ಳದೆ ಒಳಗಿನ ಮೂಳೆ ಬತ್ತಲೆಯಾಗಿ ಉಳಿದುಬಿಡುತ್ತದೆ. ಅಪರೂಪ, ಆದರೂ ಬಂದರೆ ಕಷ್ಟ. ಮೊದಲೇ ಗೊತ್ತಿದ್ದರೆ ಸಾವಧಾನವಾಗಿ ಕೀಳಬಹುದು, ಹೊಲಿಗೆ ಹಾಕಬಹುದು, ವಾರ ವಾರ ನೋಡಬಹುದು. ಗೊತ್ತಾಗಬೇಕಾದರೆ ಅವರು ಬಾಯಿ ಬಿಡಬೇಕು.

ವಾರಕ್ಕೊಮ್ಮೆ

ಗವರ್ನರ್‌ಪೇಟೆಯ ಮೊದಲ ವರ್ಷ. ನನ್ನ ತೆಲುಗು ಆಗಿನ್ನೂ ಅಂಬೆಗಾಲಿಡುತ್ತಿತ್ತು. ನಮ್ಮ ‘ಮದ್ದು’ ತೆಲುಗಿನಲ್ಲಿ ‘ಮಂದು’ ಎಂದು ಕಲಿತಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಒಬ್ಬ ನಿವೃತ್ತ ಹೆಡ್‌ಮಾಸ್ತರರು ಹೆಂಡತಿಯ ಜೊತೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಕೆಳಗಿನ ದವಡೆಯ ಹಲ್ಲೊಂದು ಅಲ್ಲಾಡುತ್ತಿತ್ತು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತರು. ಮದ್ದು ತಗೊಳ್ತೀರಾ ಎನ್ನುವ ಅರ್ಥದಲ್ಲಿ ನಾನು ವಿನಯದಿಂದ ಕೇಳಿದೆ: ‘ಮಂದು ತೀಸ್ಕುಂಟಾರಾ ಮಾಸ್ಟರ್‌ಗಾರು?’

ಮಾಸ್ತರರು ಹೆಂಡತಿಯ ಕಡೆ ನೋಡಿದರು. ನನ್ನ ಕಡೆ ನೋಡಿದರು. ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದರೋ. ಬಹಳ ಸಣ್ಣ ದನಿಯಲ್ಲಿ, ವಾರಕ್ಕೊಮ್ಮೆ ಅಂದರು.

ನನಗೆ ಖುಷಿಯಾಯಿತು. ಮೂಳೆಯ ಮಾತ್ರೆಗಳಲ್ಲಿ ವಾರಕ್ಕೊಮ್ಮೆ ನುಂಗುವಂಥದ್ದು ಒಂದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಇರಬೇಕು. ಅದೇ ಇರಬೇಕು ಎಂದು ಒಂದೊಂದಾಗಿ ವಿಚಾರಿಸಿದೆ. ಖಾಲಿ ಹೊಟ್ಟೆಯಲ್ಲೇ ತಗೊಳ್ತೀರಾ ಎಂದೆ. ಅವರು ಗಾಬರಿಯಾಗಿ, ಇಲ್ಲ ಇಲ್ಲ, ಪಕ್ಕದಲ್ಲಿ ಹುರಿಗಡಲೆ ಇದ್ದೇ ಇರುತ್ತದೆ ಅಂದರು. ತುಂಬಿದ ಲೋಟ ನೀರು ಎಂದೆ. ಸೋಡಾ ಅಂದರು. ತಗೊಂಡ ಮೇಲೆ ಅರ್ಧ ಗಂಟೆ ನೆಟ್ಟಗೆ ಇರ್ತೀರಾ ಎಂದೆ. ಮಾಸ್ತರರು ಯೋಚನೆ ಮಾಡಿ, ಅದನ್ನು ಖಚಿತವಾಗಿ ಹೇಳಲಾರೆ ಅಂದರು.

ಸ್ಟೂಲಿನ ಮೇಲಿದ್ದ ಹೆಂಡತಿ ಅಷ್ಟರಲ್ಲಿ ಎದ್ದು ನಿಂತಿದ್ದರು. ನನ್ನ ಸಹಾಯಕಿ ಕಿವಿಯ ಹತ್ತಿರ ಬಂದು, ಇಲ್ಲಿ ‘ಮಂದು’ ಎಂದರೆ ಔಷಧವೂ ಹೌದು, ಹೆಂಡವೂ ಹೌದು, ಬರೀ ‘ತೀಸ್ಕುಂಟಾರಾ’ ಎಂದರೆ ಎರಡನೆಯದೇ ಎಂದು ಪಿಸುಗುಟ್ಟಿದಳು. ಮಗಳ ಮದುವೆಯ ದಿನ ಬಿಟ್ಟೆನೆಂದು ಮಾಸ್ತರರು ದೇವರ ಮುಂದೆ ಪ್ರಮಾಣ ಮಾಡಿದ್ದರಂತೆ. ಮಗಳಿಗೆ ಈಗ ಎರಡು ಮಕ್ಕಳು.

ಹಲ್ಲು ಸುಲಭವಾಗಿ ಬಂತು, ಹತ್ತು ದಿನ ಬಿಟ್ಟು ತೋರಿಸಲು ಬಂದಾಗ ಗಾಯ ಚೆನ್ನಾಗಿ ಮಾಗಿತ್ತು. ಅಂದು ಹೊರಡುವಾಗ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ವಾರಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ತಾವು ಮೂರು ವರ್ಷದಿಂದ ತಗೊಳ್ತಿರುವುದಾಗಿ ಹೇಳಿದರು. ಮುಂದೆ ಅವರ ಹಲ್ಲು ಕೀಳುವಾಗ ನನಗೆ ಎಲ್ಲ ಗೊತ್ತಿತ್ತು, ಏನೂ ತೊಂದರೆಯಾಗಲಿಲ್ಲ. ಮಾಸ್ತರರು ಮಾತ್ರ ಮತ್ತೆ ನನ್ನ ಮೆಟ್ಟಿಲು ಹತ್ತಲಿಲ್ಲ. ಬಾಯಿ ಬಿಟ್ಟರೆ ಆಗುವ ನಷ್ಟ ಅವರಿಗೆ ಗೊತ್ತಾಗಿತ್ತು.

ಎರಡು ಹೊತ್ತು ಪಚ್ಚಡಿ

ಆಮೇಲೆ ನಾನು ‘ಮಂದು’ ಶಬ್ದವನ್ನೇ ಬಿಟ್ಟೆ. ‘ಎಮುಕಲು ಗಟ್ಟಿಯಾಗಲು ಏನು ತಗೊಳ್ತೀರಿ?’ ಎಂದು ಕೇಳತೊಡಗಿದೆ. ಎಮುಕಲು ಎಂದರೆ ಮೂಳೆಗಳು. ಇದರಲ್ಲಿ ತಪ್ಪಾಗಲು ಏನಿದೆ?

ಮೊದಲ ದಿನವೇ ಒಬ್ಬ ಅಜ್ಜಿ ಹೆಮ್ಮೆಯಿಂದ ‘ನಲ್ಲೇರು’ ಅಂದರು. ಅದೊಂದು ಬಳ್ಳಿ, ನಮ್ಮ ಕಡೆ ಮಂಗರವಳ್ಳಿ ಅನ್ನುತ್ತಾರೆ. ಆ ಊರಿನಲ್ಲಿ ಅದರ ಪಚ್ಚಡಿ, ಅಂದರೆ ಚಟ್ನಿ, ಮಾಡಿ ತಿಂದರೆ ಮೂಳೆ ಉಕ್ಕಾಗುತ್ತದೆ ಎಂಬ ನಂಬಿಕೆ. ಹುಣಸೆಹಣ್ಣು ಎಷ್ಟು ಹಾಕಬೇಕು, ಕೈ ತುರಿಸದಿರಲು ಕತ್ತರಿಸುವ ಮೊದಲು ಏನು ಹಚ್ಚಿಕೊಳ್ಳಬೇಕು, ಎಲ್ಲವನ್ನೂ ಹೇಳಿದರು. ಮರುದಿನ ಒಂದು ಬಾಟಲಿ ಬಂತು. ವಾರದೊಳಗೆ ಬೇರೆ ಬೇರೆ ಮನೆಗಳಿಂದ ಇನ್ನೂ ಮೂರು ಬಂದವು, ನನ್ನ ಮೂಳೆಯ ಬಗ್ಗೆ ಊರಿಗೇ ಕಾಳಜಿ ಹುಟ್ಟಿದಂತೆ.

ಸಹಾಯಕಿ ಶಿಸ್ತಿನ ಹುಡುಗಿ. ಅಜ್ಜಿಯ ಚೀಟಿಯಲ್ಲಿ ಔಷಧದ ಹೆಸರು ಬರೆಯುವ ಜಾಗದಲ್ಲಿ ‘ಪಚ್ಚಡಿ, ದಿನಕ್ಕೆ ಎರಡು ಹೊತ್ತು, ಬಿಸಿ ಅನ್ನದ ಜೊತೆ’ ಎಂದು ಬರೆದಿದ್ದಳು. ತಿಂಗಳ ನಂತರ ಆ ಚೀಟಿ ನೋಡಿದ ಪಕ್ಕದ ಬೀದಿಯ ಫಿಜಿಷಿಯನ್ ಕೆಳಗೆ ಸಹಿ ಹಾಕಿ ಕಳಿಸಿದ್ದರು: ‘ಮುಂದುವರಿಸಬಹುದು. ತುಪ್ಪ ಬೇಡ.’

ಕೀಳದ ಡಾಕ್ಟರು

ವಿಜಯವಾಡದ ಹೊರವಲಯದ ಇಬ್ರಾಹಿಂಪಟ್ನಂನ ದೊಡ್ಡ ವಿದ್ಯುತ್ ಸ್ಥಾವರದ ಪಕ್ಕದ ಕಾಲೊನಿಯಿಂದ ಒಬ್ಬ ನಿವೃತ್ತ ಎಂಜಿನಿಯರು ಬಂದರು. ಎತ್ತರದ ಆಳು, ದೊಡ್ಡ ದನಿ. ಬಾಯ್ಲರ್‌ಗಳ ಸದ್ದಿನ ನಡುವೆ ಮೂವತ್ತು ವರ್ಷ ಮಾತಾಡಿದವರು, ನಿವೃತ್ತರಾದರೂ ದನಿ ಇಳಿಸಿರಲಿಲ್ಲ. ದವಡೆಹಲ್ಲು ನೋಯುತ್ತಿದೆ, ಕಿತ್ತು ಬಿಸಾಕಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬೇಕು ಅಂದರು.

ಮೂಳೆಯ ಔಷಧ ಕೇಳಿದೆ. ಇಲ್ಲ ಅಂದರು. ಇಂಜೆಕ್ಷನ್ ಎಂದೆ. ಇಲ್ಲ ಅಂದರು. ಹೊರಗೆ ಕೂತಿದ್ದ ಮಗಳನ್ನು ಕರೆಸಿದೆ. ಅಪ್ಪನಿಗೆ ಕ್ಯಾನ್ಸರ್ ಆಗಿ ಮೂಳೆಗೂ ಹರಡಿತ್ತು, ಈಗ ಹತೋಟಿಯಲ್ಲಿದೆ, ತಿಂಗಳಿಗೊಮ್ಮೆ ಮೂಳೆಗೆಂದು ರಕ್ತನಾಳಕ್ಕೆ ಔಷಧ ಹಾಕುತ್ತಾರೆ ಅಂದಳು ಅವಳು. ನನಗೇಕೆ ಹೇಳಲಿಲ್ಲ ಎಂದು ಕೇಳಿದರೆ ಅವರು, ‘ನೀವು ಹಲ್ಲಿನ ಡಾಕ್ಟರು. ಅದು ಮೇಲಿನ ಇಲಾಖೆ’ ಅಂದರು.

ನಾನು ಇಕ್ಕಳದ ಟ್ರೇಯನ್ನು ಆಚೆ ಸರಿಸಿದೆ. ತಿಂಗಳು ತಿಂಗಳು ನಾಳಕ್ಕೆ ಹೋಗುವ ಆ ಔಷಧ ಮಾತ್ರೆಗಿಂತ ಬಹಳ ಬಲವಾದದ್ದು. ಮಗಳು ಬಂದಿರದಿದ್ದರೆ ಊಟದ ಹೊತ್ತಿಗೆ ಹಲ್ಲು ಕಿತ್ತು ಕಳಿಸಿರುತ್ತಿದ್ದೆ. ಅವರ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದೆ. ಕೀಳುವುದು ಬೇಡ, ಬೇರಿನ ಒಳಗಿನ ಕೊಳೆತ ನರ ತೆಗೆದು, ಬೇರನ್ನು ದವಡೆಯಲ್ಲೇ ಬಿಟ್ಟು ಮುಚ್ಚಿಬಿಡೋಣ ಎಂದು ತೀರ್ಮಾನವಾಯಿತು. ನಾಲ್ಕು ಸಲ ಬರಬೇಕು ಎಂದೆ.

ಎಂಜಿನಿಯರಿಗೆ ಸಿಟ್ಟು ಬಂತು. ನಾಲ್ಕು ಸಲ ಬಂದರು, ನಾಲ್ಕು ಸಲವೂ ಬೈದರು. ಅಷ್ಟು ಸಾಲದೆ ಕಾಲೊನಿಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಗುಂಪಿಗೆಲ್ಲ ಹೇಳಿದರು, ಗವರ್ನರ್‌ಪೇಟೆಯ ಆ ಕನ್ನಡದ ಡಾಕ್ಟರಮ್ಮನಿಗೆ ಹಲ್ಲು ಕೀಳಲು ಬರುವುದಿಲ್ಲ, ಇಕ್ಕಳ ಕಂಡರೆ ಹೆದರುತ್ತಾಳೆ ಎಂದು. ನನ್ನ ಅತ್ತೆಯ ಕಿವಿಗೂ ಬಿತ್ತು. ಇನ್ನು ಅಂಗಡಿ ಮುಚ್ಚುವುದೇ ಅಂದುಕೊಂಡೆ.

ಮುಂದಿನ ಸೋಮವಾರ ಕ್ಲಿನಿಕ್ಕಿಗೆ ಬಂದರೆ ಮೆಟ್ಟಿಲ ತುಂಬಾ ಜನ. ಸೀರೆಯವರಿರಬೇಕು ಎಂದು ದಾಟಿಕೊಂಡು ಹೋದೆ. ಒಳಗೂ ಜನ. ಎಲ್ಲರೂ ಇಬ್ರಾಹಿಂಪಟ್ನಂನವರು. ಅವರಲ್ಲೊಬ್ಬರು ಊದಿದ ಕೆನ್ನೆ ಹಿಡಿದುಕೊಂಡು ಬಹಳ ಆಸೆಯಿಂದ ಕೇಳಿದರು: ‘ಇಲ್ಲಿ ಕೀಳುವುದಿಲ್ಲವಂತೆ, ನಿಜವಾ ಅಮ್ಮಾ?’

ಬೆಳಗಿನ ವರದಿ

ವಿಶಾಖಪಟ್ಟಣಕ್ಕೆ ಹೋದ ಮೇಲೆ ನನ್ನ ಕನ್ನಡಕ್ಕೆ ಮತ್ತೆ ಕೆಲಸ ಬಂತು. ನೌಕಾಪಡೆಯಲ್ಲಿ ನಮ್ಮವರು ತುಂಬಾ ಜನ. ವಿಜಯಪುರ ಜಿಲ್ಲೆಯ ಒಬ್ಬ ನಾವಿಕ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಮಾತು ಕಡಿಮೆ, ಮೀಸೆ ಹೆಚ್ಚು. ತಾಯಿ ಅವನಿಗೆ ತದ್ವಿರುದ್ಧ.

ಮೂಳೆಗೆ ಔಷಧ ಇದೆಯಾ ಎಂದು ಕೇಳಿದೆ. ‘ಗುಳಗಿ ಒಂದೂ ನುಂಗೂದಿಲ್ಲ ಯವ್ವಾ. ನನ್ನ ಕೂಡ ಹುಟ್ಟಿದವ್ರೆಲ್ಲ ಗುಳಗೀ ಮ್ಯಾಲ ಬದಕ್ಯಾರ, ನಾ ರೊಟ್ಟಿ ಮ್ಯಾಲ’ ಅಂದಳು. ಇಂಜೆಕ್ಷನ್ ಎಂದೆ. ಅದೂ ಇಲ್ಲ. ಅಷ್ಟೊತ್ತಿಗೆ ನಾನು ಕೇಳುವ ಕಲೆ ಕಲಿತಿದ್ದೆ. ಔಷಧದ ಮಾತು ಬಿಟ್ಟು ಊರಿನ ಮಾತೆತ್ತಿದೆ. ಯಾವಾಗ ಊರಿಗೆ ಹೋಗುತ್ತೀರಿ ಎಂದೆ. ವರ್ಷಕ್ಕೊಮ್ಮೆ ಹೋಗುತ್ತಾಳಂತೆ, ಜೋಳದ ಸುಗ್ಗಿ ಮುಗಿದ ಮೇಲೆ. ಹೋದಾಗ ಏನು ಮಾಡುತ್ತೀರಿ? ಅಕ್ಕನ ಮನೆ, ತಮ್ಮನ ಮನೆ, ಆಮೇಲೆ ಎಲುಬಿನ ಡಾಕ್ಟರ ಹತ್ತಿರ ಹೋಗಿ ಶಕ್ತಿಗೆ ಒಂದು ಬಾಟಲಿ ಏರಿಸಿಕೊಂಡು ಬರುವುದು. ಎಷ್ಟು ವರ್ಷದಿಂದ? ಐದಾತು ನೋಡವಾ.

ಅವಳು ಗ್ಲೂಕೋಸ್ ಅಂದುಕೊಂಡಿದ್ದ ಆ ಬಾಟಲಿ, ವರ್ಷಕ್ಕೊಮ್ಮೆ ಕೊಡುವ ಮೂಳೆಯ ಔಷಧ. ಊರಿನ ಡಾಕ್ಟರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ. ಹಲ್ಲು ಉಳಿಸುವ ಸ್ಥಿತಿಯಲ್ಲಿರಲಿಲ್ಲ. ತಯಾರಿ ಮಾಡಿಕೊಂಡು, ಮೂಳೆಗೆ ಆದಷ್ಟು ಪೆಟ್ಟಾಗದಂತೆ ಎರಡು ತುಂಡು ಮಾಡಿ ತೆಗೆದು, ಹೊಲಿಗೆ ಹಾಕಿದೆ. ಮಗನನ್ನು ಕರೆದು, ದಿನವೂ ಬಾಯಿ ಮುಕ್ಕಳಿಸಬೇಕು, ಜಾಗ ಮುಚ್ಚುತ್ತಿದೆಯಾ ಎಂದು ಯಾರಾದರೂ ನೋಡುತ್ತಿರಬೇಕು, ಬೆಳ್ಳಗೆ ಗಟ್ಟಿಯಾಗಿ ಏನಾದರೂ ಕಂಡರೆ ತಕ್ಷಣ ಹೇಳಬೇಕು ಎಂದೆ. ಅವನು ನೆಟ್ಟಗೆ ನಿಂತು ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ವಾಟ್ಸಾಪಿನಲ್ಲಿ ಬಂತು: ‘ಊತ ಅಲ್ಪ. ರಕ್ತ ಇಲ್ಲ. ಹೊಲಿಗೆ ಮೂರು, ಮೂರೂ ಸ್ಥಾನದಲ್ಲಿವೆ. ತಾಯಿ ಸಹಕರಿಸುತ್ತಿಲ್ಲ.’ ಅದರ ಮರುದಿನ ಮತ್ತೆ ಎಂಟಕ್ಕೆ. ಎಂಟು ವಾರ ಒಂದು ದಿನವೂ ತಪ್ಪಲಿಲ್ಲ. ‘ಸಹಕರಿಸುತ್ತಿಲ್ಲ’ ಎಂಬ ಸಾಲೂ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ಕಲಿಯುವ ಮಕ್ಕಳು ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ನೋಡಿಲ್ಲ.

ಕೊನೆಯ ಭೇಟಿಯ ದಿನ ನೋಡಿದರೆ ವಸಡು ನಯವಾಗಿ, ಗುಲಾಬಿ ಬಣ್ಣಕ್ಕೆ ಕೂಡಿಕೊಂಡಿತ್ತು. ಎಷ್ಟು ಸಂತೋಷವಾಯಿತೆಂದರೆ, ಮಗನ ಕೈ ಕುಲುಕಿ, ಇಷ್ಟು ನಿಗಾ ಎಲ್ಲಿ ಕಲಿತಿರಿ ಎಂದು ಕೇಳಿದೆ. ಹಡಗಿನ ತಳದಲ್ಲಿ ಎಲ್ಲಾದರೂ ನೀರು ಜಿನುಗುತ್ತಿದೆಯಾ ಎಂದು ಪರೀಕ್ಷಿಸುವುದು ತನ್ನ ಕೆಲಸ ಎಂದ. ತಾಯಿ ಕುರ್ಚಿಯಿಂದ ಎದ್ದು ಸೆರಗು ಸರಿ ಮಾಡಿಕೊಂಡು ಅಂದಳು: ‘ಹದಿನೈದು ವರ್ಷ ಆತು ಕೇಳಾಕ ಹತ್ತಿ, ನೇವಿಯೊಳಗ ಏನ್ ಮಾಡ್ತೀಯೋ ಅಂತ. ಗುಟ್ಟು, ಹೇಳಂಗಿಲ್ಲ ಅಂತಿದ್ದ. ಇದೇನವಾ ಗುಟ್ಟು? ತೂತು ನೋಡೂದು?’

ನಮ್ಮ ಅತ್ತೆಯ ದವಡೆ

ಇಷ್ಟೆಲ್ಲ ಹೇಳಿಕೊಂಡ ಮೇಲೆ ಇದನ್ನೂ ಹೇಳಲೇಬೇಕು. ನೂರಾರು ಜನರಿಗೆ ಆ ಪ್ರಶ್ನೆ ಕೇಳಿದ ನಾನು, ಒಬ್ಬರಿಗೆ ಕೇಳಲಿಲ್ಲ. ನಮ್ಮ ಅತ್ತೆಗೆ.

ಅವರು ನಮ್ಮ ಜೊತೆಯಲ್ಲೇ ಇರುತ್ತಾರೆ. ಒಂದೇ ಅಡುಗೆಮನೆ, ಒಂದೇ ಕಾಫಿ ಡಬ್ಬಿ. ಅವರ ಬಿ.ಪಿ. ಮಾತ್ರೆ ನಾನೇ ತಂದುಕೊಡುತ್ತೇನೆ. ಕೇಳುವುದೇನಿದೆ? ಅವರ ತಮ್ಮನ ಮಗಳ ಮದುವೆಗೆ ಹದಿನೈದು ದಿನ ಇದ್ದಾಗ ಅವರಿಗೆ ಹಲ್ಲುನೋವು ಬಂತು. ಸಂಜೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಕಿತ್ತೆ. ಹತ್ತು ನಿಮಿಷದ ಕೆಲಸ. ಮದುವೆಯಲ್ಲಿ ಅತ್ತೆ ಲಡ್ಡು ಬಿಟ್ಟು ಎಲ್ಲ ತಿಂದರು.

ಆರು ವಾರವಾದರೂ ಆ ಜಾಗ ಮುಚ್ಚಲಿಲ್ಲ. ಒಂದು ಭಾನುವಾರ ಬೆಳಕಿಗೆ ಹಿಡಿದು ನೋಡಿದೆ. ವಸಡಿನ ನಡುವೆ ಅಕ್ಕಿಕಾಳಿನಷ್ಟು ಬೂದುಬಿಳಿ ಮೂಳೆ. ನಿಂತಲ್ಲೇ ಕೇಳಿದೆ, ‘ಅತ್ತಯ್ಯಾ, ಮೂಳೆಗೆ ಏನಾದರೂ ತಗೊಳ್ತಿದ್ದೀರಾ?’ ಅವರು ದೇವರ ಮನೆಗೆ ಹೋಗಿ, ಬತ್ತಿಯ ಡಬ್ಬಿಯ ಹಿಂದಿನಿಂದ ಒಂದು ಪಟ್ಟಿ ಮಾತ್ರೆ ತಂದು ಕೈಗೆ ಕೊಟ್ಟರು. ನಾಲ್ಕು ವರ್ಷದಿಂದ, ಪ್ರತಿ ಶನಿವಾರ. ತಂಗಿಯ ಜೊತೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿಕೊಂಡಿದ್ದರಂತೆ. ಶನಿವಾರ ಬೆಳಿಗ್ಗೆ ಕಾಫಿಯೂ ಕುಡಿಯದೆ ದೇವರ ಮುಂದೆ ಅರ್ಧ ಗಂಟೆ ಕಂಬದ ಹಾಗೆ ನೆಟ್ಟಗೆ ಕೂರುತ್ತಿದ್ದರು. ಅತ್ತೆಗೆ ಈಚೆಗೆ ಭಕ್ತಿ ಹೆಚ್ಚಾಗಿದೆ ಎಂದು ನಾನು ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದೆ.

ತಪ್ಪು ನನ್ನದು ಎಂದು ಅವರಿಗೆ ಬಿಡಿಸಿ ಹೇಳಿದೆ. ಕೇಳಬೇಕಿತ್ತು, ಕೇಳಲಿಲ್ಲ. ಮುಚ್ಚಲು ತಿಂಗಳುಗಳೇ ಬೇಕಾಗಬಹುದು, ಮುಚ್ಚದೆಯೂ ಇರಬಹುದು ಎಂದೂ ಹೇಳಿದೆ. ಹೇಳುವಾಗ ನನಗೇ ಅಳು ಬಂತು. ಅತ್ತೆ ನನ್ನ ತಲೆ ಸವರಿ, ಮೊದಲು ಇಡ್ಲಿ ತಿನ್ನು, ಆಮೇಲೆ ಅಳು ಅಂದರು.

ನನಗೆ ಪಾಠ ಹೇಳಿದ ಸರ್ಜನ್ ಅವರನ್ನು ಕೇಳಿದೆ. ಎಲುಬಿನ ಡಾಕ್ಟರು ಯೋಚಿಸಿ, ಸ್ವಲ್ಪ ಕಾಲ ಮಾತ್ರೆ ನಿಲ್ಲಿಸಿದರು. ಔಷಧದ ನೀರಿನಲ್ಲಿ ದಿನಕ್ಕೆ ಮೂರು ಸಲ ಮುಕ್ಕಳಿಸುವುದು, ವಾರಕ್ಕೊಮ್ಮೆ ನಾನು ತೊಳೆಯುವುದು. ಅತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ. ಐದನೆಯ ತಿಂಗಳು, ತೊಳೆಯುತ್ತಿದ್ದಾಗ ಆ ಸಣ್ಣ ಚೂರು ತಾನಾಗಿ ಬಿಟ್ಟುಕೊಂಡು ನನ್ನ ಇಕ್ಕಳಕ್ಕೆ ಬಂತು. ಮೂರು ವಾರದಲ್ಲಿ ವಸಡು ಕೂಡಿತು. ನನ್ನ ಜೀವನದಲ್ಲಿ ಅಷ್ಟು ಚೆಂದದ ವಸಡು ನೋಡಿಲ್ಲ.

ಆ ವರ್ಷ ವಿಶಾಖಪಟ್ಟಣದಲ್ಲೇ, ಸಮುದ್ರದಂಡೆಯ ಹೋಟೆಲಿನಲ್ಲಿ ದಂತವೈದ್ಯರ ಸಭೆ. ಗೆದ್ದ ಕೇಸುಗಳನ್ನು ಎಲ್ಲರೂ ಹೇಳುತ್ತಾರೆ, ನಾನು ಎಡವಿದ್ದನ್ನು ಹೇಳುತ್ತೇನೆ ಎಂದು ಹೆಸರು ಕೊಟ್ಟೆ. ಚಿತ್ರ ತೋರಿಸಬಹುದಾ ಎಂದು ಅತ್ತೆಯನ್ನು ಕೇಳಿದೆ. ಮುಖ ಬೇಡ, ಬಾಯಿ ಎಷ್ಟು ಬೇಕಾದರೂ ತೋರಿಸು ಅಂದರು. ಸೊಸೆ ವೇದಿಕೆ ಹತ್ತುವುದನ್ನು ನೋಡಬೇಕೆಂದು, ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆಯುಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು.

ಪರದೆಯ ಮೇಲೆ ಅತ್ತೆಯ ದವಡೆ ಕಲ್ಯಾಣಮಂಟಪದ ಬಾಗಿಲಿನಷ್ಟು ದೊಡ್ಡದಾಗಿ ಬಂತು. ‘ಮಹಿಳಾ ರೋಗಿ, ವಯಸ್ಸು ಅರವತ್ತೆಂಟು’ ಎಂದು ಶುರು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹಿರಿಯರು ಎದ್ದರು. ಔಷಧದ ವಿಚಾರ ಕೇಳುವುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುತ್ತದೆ, ನೀವೇಕೆ ಕೇಳಲಿಲ್ಲ ಅಂದರು. ಸಭೆ ಗಂಭೀರವಾಯಿತು. ಕೇಳಬೇಕಿತ್ತು, ತಪ್ಪು ನನ್ನದೇ ಎಂದೆ.

ಆಗ ಹಿಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಸರಭರ ಅಂದಿತು. ಅತ್ತೆ ಎದ್ದು ನಿಂತು, ಮೈಕು ಬೇಕಾಗದ ದನಿಯಲ್ಲಿ, ಶುದ್ಧ ಕೃಷ್ಣಾ ಜಿಲ್ಲೆಯ ತೆಲುಗಿನಲ್ಲಿ ಹೇಳಿದರು: ‘ಅಯ್ಯಾ, ಆ ಬಾಯಿ ನನ್ನದು. ಇವಳು ನಮ್ಮ ಸೊಸೆ. ಇವಳು ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ನನ್ನ ಮೂಳೆ ಮೆತ್ತಗಾಗಿದೆ ಎಂದು ಯಾವ ಅತ್ತೆ ಸೊಸೆಗೆ ಹೇಳುತ್ತಾಳೆ?’

ಸಭೆಯಲ್ಲಿದ್ದ ಹೆಂಗಸರು ಮೊದಲು ನಕ್ಕರು. ಆಮೇಲೆ ಗಂಡಸರು. ಕೊನೆಗೆ ಆ ಹಿರಿಯರೂ ನಕ್ಕು ಕೂತರು. ನಗು ನಿಂತ ಮೇಲೂ ಅತ್ತೆ ಕೂರಲಿಲ್ಲ. ‘ವಾಸಿ ಮಾಡಿದವಳೂ ಇವಳೇ. ಅನುಮಾನ ಇದ್ದವರು ಬಂದು ನೋಡಬಹುದು’ ಅಂದರು.

ಟೀ ವಿರಾಮದಲ್ಲಿ ಹನ್ನೊಂದು ಜನ ದಂತವೈದ್ಯರು ಅತ್ತೆಯ ಮುಂದೆ ಸಾಲಾಗಿ ನಿಂತರು. ಅತ್ತೆ ಸೋಫಾದ ಮೇಲೆ ಒರಗಿ ಕೂತು, ಒಬ್ಬೊಬ್ಬರಿಗೂ ಬಾಯಿ ತೆರೆದು ತೋರಿಸಿದರು. ನಾನು ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದೆ. ಕೊನೆಗೆ ಬಂದವರು ಆ ಹಿರಿಯರು. ಬಹಳ ಹೊತ್ತು ಬಗ್ಗಿ ನೋಡಿ, ನನ್ನ ಕಡೆ ತಿರುಗಿ, ಅದ್ಭುತವಾಗಿ ಮಾಗಿದೆ ಡಾಕ್ಟರ್, ಅಭಿನಂದನೆ ಅಂದರು. ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ. ನಾನು ಕೈ ಮುಗಿಯಬೇಕು, ಅಷ್ಟರಲ್ಲಿ ಅತ್ತೆ ಬಾಯಿ ಮುಚ್ಚಿ, ಸೆರಗಿನಿಂದ ತುಟಿ ಒರೆಸಿಕೊಂಡು ಅಂದರು:

‘ಮಾಗದೆ ಏನು? ನಮ್ಮ ತವರಿನ ಮೂಳೆ ಅದು.’